ಗುಡ್ಡದ ಕೆಳಗಿನ ಸಮುದ್ರ

ತಿಪಟೂರಿನಿಂದ ಸಮುದ್ರ ಎಷ್ಟು ದೂರ ಎಂದು ಕೇಳಿದರೆ ನಮ್ಮೂರವರು ಬಸ್ಸಿನಲ್ಲಿ ಒಂದು ಹಗಲಿನ ದಾರಿ ಎನ್ನುತ್ತಾರೆ. ನಾನು ಮಾತ್ರ ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯಾಗುವವರೆಗೂ ಬೇರೆಯೇ ಉತ್ತರ ಕೊಡುತ್ತಾ ಬಂದೆ. ಚಿಕ್ಕನಾಯಕನಹಳ್ಳಿಯ ಗುಡ್ಡಗಳೇ ಸಮುದ್ರದ ತಳ, ಅದನ್ನು ನೋಡಲು ಮಂಗಳೂರಿಗೆ ಹೋಗಬೇಕಾಗಿಲ್ಲ ಎಂದೆ. ಕೆಲವರು ನಕ್ಕರು, ಕೆಲವರು ಕನಿಕರದಿಂದ ನೋಡಿದರು, ಒಬ್ಬರು ಅದನ್ನು ವರದಿಯಿಂದ ತೆಗೆಯಲು ಹೇಳಿದರು. ತೆಗೆಯಲಿಲ್ಲ. ಈಗ ಭೂರಸಾಯನಶಾಸ್ತ್ರ ಓದಿ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ನನ್ನ ಮನೆಗೆ ಬಂದು, ಮೇಡಂ, ಈ ಕೆಲಸ ನಿಜವಾಗಿ ಹೇಗಿರುತ್ತೆ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎನ್ನುವುದನ್ನು ಬರೆಯುವುದಿಲ್ಲ. ಅದರಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ, ಯಾಕೆ ಇಲ್ಲ ಎನ್ನುವುದು ಓದುತ್ತಾ ನಿಮಗೇ ತಿಳಿಯುತ್ತದೆ.

ನನ್ನ ಹೆಸರು ಶಮೀಮ್. ನನ್ನ ತಂದೆಗೆ ತಿಪಟೂರಿನಲ್ಲಿ ಬಸ್ಸು ಲಾರಿ ರಿಪೇರಿ ಮಾಡುವ ಗ್ಯಾರೇಜಿತ್ತು. ಅಬ್ಬಾ ಮನೆಯಲ್ಲಿ ಉರ್ದು ಮಾತಾಡುತ್ತಿದ್ದರು, ಗ್ಯಾರೇಜಿನಲ್ಲಿ ಅಪ್ಪಟ ತಿಪಟೂರಿನ ಕನ್ನಡ. ಇಂಜಿನ್ನಿನಲ್ಲಿ ಏನೋ ಸದ್ದು ಬರುತ್ತಿದೆ ಎಂದು ಯಾರಾದರೂ ಗಾಡಿ ತಂದರೆ ಅವರು ತಕ್ಷಣ ಬಾನೆಟ್ ಎತ್ತುತ್ತಿರಲಿಲ್ಲ. ಅದೇ ಕಂಪನಿಯ, ಅದೇ ಮಾಡೆಲಿನ, ಚೆನ್ನಾಗಿ ಓಡುವ ಇನ್ನೊಂದು ಗಾಡಿಯನ್ನು ತರಿಸಿ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ಎರಡನ್ನೂ ಸ್ಟಾರ್ಟ್ ಮಾಡಿಸಿ ನಡುವೆ ನಿಂತು ಕೇಳುತ್ತಿದ್ದರು. ಡ್ರೈವರುಗಳಿಗೆ ತಾಳ್ಮೆ ಇರುತ್ತಿರಲಿಲ್ಲ.

"ಸಾಬ್ರೇ, ಕೆಟ್ಟಿರೋದು ನನ್ ಗಾಡಿ. ಅದ್ನ ನೋಡ್ರೀ."

"ನಿನ್ ಗಾಡಿ ಸದ್ದು ಮಾಡ್ತದೆ ಸರಿ ಕಣಪ್ಪ. ಅದ್ರಾಗೆ ಯಾವ್ದು ಕೆಟ್ಟ ಸದ್ದು, ಯಾವ್ದು ಹುಟ್ಟಿದ ಸದ್ದು ಅಂತ ತಿಳೀಬೇಕಲ್ಲ. ಒಳ್ಳೆ ಗಾಡಿ ಪಕ್ದಾಗೆ ನಿಲ್ಸು, ಆಮೇಲೆ ಬೈಯೋವಂತೆ."

ಕಾಲೇಜಿನಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ಪಾಠ ಹೇಳಲಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಸೇರಿದ ಸರ್ಕಾರಿ ಭೂವಿಜ್ಞಾನ ಕಚೇರಿಯ ಪ್ರಯೋಗಾಲಯದಲ್ಲಿ ಕಲ್ಲನ್ನು ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಆ ದ್ರಾವಣವನ್ನು ಜ್ವಾಲೆಗೆ ಊದಿ ಯಾವ ಲೋಹ ಎಷ್ಟಿದೆ ಎಂದು ನೋಡುತ್ತಿದ್ದೆವು. ಒಂದು ಸಲಕ್ಕೆ ಒಂದೇ ಲೋಹ. ತಾಮ್ರ ಬೇಕೆಂದರೆ ತಾಮ್ರದ ದೀಪ, ಸತು ಬೇಕೆಂದರೆ ಸತುವಿನ ದೀಪ ಬದಲಿಸಬೇಕು. ಆಮ್ಲದ ಹೊಗೆ ಹೀರುವ ಫ್ಯಾನು ನಾನು ಸೇರುವ ಮೊದಲೇ ಕೆಟ್ಟಿತ್ತು, ಕಿಟಕಿ ತೆಗೆದರೆ ಕಾಗದವೆಲ್ಲ ಹಾರುತ್ತಿತ್ತು. ಹೆಂಗಸರು ಪ್ರಯೋಗಾಲಯದಲ್ಲಿರಬೇಕು, ಗುಡ್ಡ ಹತ್ತುವುದು ಗಂಡಸರ ಕೆಲಸ ಎಂಬುದು ಆಗಿನ ಪದ್ಧತಿ. ಗಂಡಸರು ತಂದ ಕಲ್ಲನ್ನು ನಾವು ಸುಡಬೇಕು.

ಆ ಹೊತ್ತಿಗೆ ಬಂದ ಕಲ್ಲುಗಳಲ್ಲೆಲ್ಲ ಮ್ಯಾಂಗನೀಸು ಕಾಣತೊಡಗಿತು. ಎಲ್ಲಿಂದ ತಂದ ಕಲ್ಲಾದರೂ ಸರಿ, ಮ್ಯಾಂಗನೀಸು. ಆಗಿದ್ದ ಮೇಲಧಿಕಾರಿ ಹಿಗ್ಗಿಹೋದರು. ಹುಳಿಯಾರಿನ ಕಡೆಯೂ ಹೊಸ ನಿಕ್ಷೇಪ ಸಿಕ್ಕಿದೆ ಎಂದು ಟಿಪ್ಪಣಿ ಬರೆಯತೊಡಗಿದರು. ನನಗೆ ಅಬ್ಬಾ ನೆನಪಾದರು. ರಸ್ತೆ ಬದಿಯಲ್ಲಿ ಬಿದ್ದಿದ್ದ ಬಿಳೀ ಬೆಣಚುಕಲ್ಲನ್ನು ತಂದು ಒಂದು ಭಾಗವನ್ನು ನಮ್ಮ ಯಂತ್ರದಲ್ಲಿ ಪುಡಿ ಮಾಡಿದೆ, ಇನ್ನೊಂದು ಭಾಗವನ್ನು ಕಲ್ಲಿನ ಕುಟ್ಟಾಣಿಯಲ್ಲಿ ಕುಟ್ಟಿದೆ. ಯಂತ್ರದ ಪುಡಿಯಲ್ಲಿ ಮ್ಯಾಂಗನೀಸಿತ್ತು, ಕುಟ್ಟಿದ ಪುಡಿಯಲ್ಲಿ ಇಲ್ಲ. ಕಲ್ಲು ಪುಡಿ ಮಾಡುವ ಯಂತ್ರದ ದವಡೆಗೆ ಹೊಸದಾಗಿ ಹಾಕಿಸಿದ್ದ ತಟ್ಟೆಗಳು ಮ್ಯಾಂಗನೀಸು ಬೆರೆಸಿದ ಉಕ್ಕಿನವು. ಅವೇ ಸವೆದು ಎಲ್ಲ ಮಾದರಿಗೂ ಬೆರೆಯುತ್ತಿದ್ದವು. ಹೋಗಿ ಹೇಳಿದೆ. ಮೇಲಧಿಕಾರಿ ಟಿಪ್ಪಣಿಯನ್ನು ಮಡಿಚಿ ಡ್ರಾಯರಿಗೆ ಹಾಕಿದರು. ನನಗೆ ಥ್ಯಾಂಕ್ಸ್ ಹೇಳಲಿಲ್ಲ, ಅದರ ಬದಲು ಇನ್ನು ಮೇಲೆ ನೀವೇ ಗುಡ್ಡಕ್ಕೆ ಹೋಗಿ ಕಲ್ಲು ತನ್ನಿ ಎಂದರು. ಶಿಕ್ಷೆಯೆಂದು ಹೇಳಿದ್ದು. ನನಗೆ ಹಬ್ಬವಾಯಿತು.

ಹಾಗೆ ನಾನು ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಹತ್ತಿದೆ. ದುಪಟ್ಟಾ ಸೊಂಟಕ್ಕೆ ಬಿಗಿದು, ಹೆಗಲಿಗೆ ಸುತ್ತಿಗೆಯ ಚೀಲ. ತೋಟದವರು ನನ್ನನ್ನು ಕಲ್ಲಿನ ಮೇಡಂ ಎಂದು ಕರೆದರು.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು, ಬೇಸರಪಡಬೇಡಿ. ಆಳ ಸಮುದ್ರದ ತಳದಲ್ಲಿ ಬಿರುಕುಗಳಿರುತ್ತವೆ. ಅವುಗಳಲ್ಲಿ ನೀರು ಇಳಿದು, ಕೆಳಗಿನ ಬಿಸಿ ತಾಗಿ, ಮತ್ತೆ ಮೇಲೆ ಬರುತ್ತದೆ. ಕಾಫಿ ಪುಡಿಯ ಮೂಲಕ ಇಳಿಯುವ ಬಿಸಿನೀರು ಅದರ ಸಾರವನ್ನು ಹೀರುವಂತೆ ಈ ನೀರು ಕಲ್ಲಿನಲ್ಲಿರುವ ತಾಮ್ರ, ಸತು, ಕಬ್ಬಿಣ, ಮ್ಯಾಂಗನೀಸನ್ನು ಹೀರಿಕೊಂಡು ಬರುತ್ತದೆ. ತಣ್ಣನೆಯ ಸಮುದ್ರದ ನೀರು ತಾಗಿದೊಡನೆ ಹೊತ್ತು ತಂದದ್ದನ್ನೆಲ್ಲ ಕಪ್ಪು ಹೊಗೆಯಂತೆ ಉಗುಳುತ್ತದೆ. ಅದು ಬೀಳುವುದರಲ್ಲಿ ಒಂದು ವರಸೆಯಿದೆ. ತಾಮ್ರ ಬುಗ್ಗೆಯ ಬಾಯಲ್ಲೇ ಬೀಳುತ್ತದೆ, ಸತು ಅದರ ಅಂಚಿನಲ್ಲಿ, ಎರಡೂ ಗಂಧಕದ ಜೊತೆ ಬೆರೆತು. ಕಬ್ಬಿಣದ ಒಂದು ಪಾಲು ಬಾಯ ಬಳಿ ಗಂಧಕಕ್ಕೆ ಅಂಟುತ್ತದೆ, ಉಳಿದದ್ದು ದೂರ ಹೋಗುತ್ತದೆ. ಎಲ್ಲಕ್ಕಿಂತ ದೂರ ಹೋಗಿ ಬೀಳುವುದು ಮ್ಯಾಂಗನೀಸು.

ಸಮುದ್ರ ಸಂಶೋಧನೆಯಲ್ಲಿದ್ದ ಗೆಳತಿಯೊಬ್ಬಳು ಇಂಥ ಬುಗ್ಗೆಯ ಬಾಯಿಂದ ತೆಗೆದ ಕಪ್ಪು ಕಲ್ಲಿನ ಚೂರೊಂದನ್ನು ನನಗೆ ಕಳಿಸಿದಳು. ಹೆಬ್ಬೆರಳಷ್ಟೂ ಇರಲಿಲ್ಲ. ಅದನ್ನು ನಾನು ಒಳ್ಳೆ ಗಾಡಿಯಾಗಿ ನಿಲ್ಲಿಸಿಕೊಂಡೆ. ಕಂದಿಕೆರೆಯಿಂದಾಚೆಯ ಒಂದು ಗುಡ್ಡದ ಕಲ್ಲುಗಳನ್ನು ಅದರ ಪಕ್ಕಕ್ಕಿಟ್ಟು ನೋಡಿದೆ. ಗುಡ್ಡದ ಒಂದು ತುದಿಯಲ್ಲಿ ಮ್ಯಾಂಗನೀಸು, ಬರುತ್ತಾ ಬರುತ್ತಾ ಕಬ್ಬಿಣ, ಇನ್ನೊಂದು ತುದಿಯ ಕೊರಕಲಿನಲ್ಲಿ ಸತು, ತಾಮ್ರ, ಗಂಧಕ. ಅದೇ ವರಸೆ. ಹೊಸ ಯಂತ್ರಗಳು ಬಂದ ಮೇಲೆ ಯುರೋಪಿಯಂ ಎಂಬ ಅಪರೂಪದ ಧಾತುವನ್ನೂ ಅಳೆಸಿದೆ. ತುಂಬಾ ಬಿಸಿಯಾದ ನೀರು ಮಾತ್ರ ಅದನ್ನು ಉಳಿದ ಬಂಧುಗಳಿಗಿಂತ ಹೆಚ್ಚಾಗಿ ಹೊತ್ತು ತರುತ್ತದೆ. ಚೂರಿನಲ್ಲೂ ಅದು ಎದ್ದು ಕಂಡಿತು, ಗುಡ್ಡದ ಕಲ್ಲಿನಲ್ಲೂ ಎದ್ದು ಕಂಡಿತು. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಸಮುದ್ರವಿತ್ತು, ಅದರ ತಳದಲ್ಲಿ ಬುಗ್ಗೆಯಿತ್ತು, ಅದರ ಬಾಯಿ ಆ ಕೊರಕಲಿನ ಕಡೆಯಿತ್ತು. ನನಗೆ ಆದ ಸಂತೋಷಕ್ಕೆ ಆ ಗುಡ್ಡದ ಮೇಲೆ ಒಬ್ಬಳೇ ಕೂತು ಅತ್ತೆ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಕಚೇರಿಯಲ್ಲಿ ಹೇಳಿದಾಗ ಹೊಸದಾಗಿ ಬಂದಿದ್ದ ದೊಡ್ಡ ಸಾಹೇಬರು ಕನ್ನಡಕ ಒರೆಸುತ್ತಾ ಕೇಳಿದರು. ಅವರು ಮಲೆನಾಡಿನ ಅಡಿಕೆ ತೋಟದ ಮನೆಯವರು, ಒಳ್ಳೆಯ ಓದು, ಮೃದು ಮಾತು.

"ಶಮೀಮ್, ತಿಪಟೂರಿನ ಕಡೆ ಕೊಬ್ಬರಿ ಸಿಗತ್ತೆ ಅಂತ ಕೇಳಿದ್ದೆ. ಮೀನೂ ಸಿಗತ್ತೇನಮ್ಮ?"

ಎಲ್ಲರೂ ನಕ್ಕರು. ಆಗಿನ ಸಮುದ್ರದಲ್ಲಿ ಮೀನು ಇನ್ನೂ ಹುಟ್ಟಿರಲಿಲ್ಲ ಸರ್ ಎಂದೆ. ಅಲ್ಲಿಂದ ನನಗೆ ಸಮುದ್ರದ ಮೇಡಂ ಎಂಬ ಹೆಸರು ಬಿತ್ತು.

ಎರಡು ಸಾವಿರದ ನಂತರ ಅದಿರಿಗೆ ಬೇಡಿಕೆ ಏರಿತು. ಆ ಗುಡ್ಡದಲ್ಲೂ ಗಣಿ ಜೋರಾಯಿತು. ಅಗೆಯುತ್ತಾ ಅಗೆಯುತ್ತಾ ಕೊರಕಲಿನ ಕಡೆಗೆ ಬಂದರು. ಬೇಡದ ಕಲ್ಲನ್ನು ಹಳ್ಳದ ಪಕ್ಕದಲ್ಲಿ ರಾಶಿ ಹಾಕಿದರು, ಗಣಿಯವರು ಅದನ್ನು ಡಂಪ್ ಎನ್ನುತ್ತಾರೆ. ಹಳ್ಳದ ಕೆಳಗೆ ಬಸಣ್ಣನ ತೆಂಗಿನ ತೋಟವಿತ್ತು. ನಾನು ಗುಡ್ಡ ಹತ್ತುವ ದಿನಗಳಲ್ಲಿ ಬಸಣ್ಣನ ಹೆಂಡತಿ ಶಿವಗಂಗಮ್ಮ ನನಗೆ ಮಜ್ಜಿಗೆ ಕೊಡುತ್ತಿದ್ದವರು. ಅವರದು ತೆರೆದ ಬಾವಿ. ಸುತ್ತಲಿನ ಮನೆಯವರೆಲ್ಲ ಕುಡಿಯಲು ಅಲ್ಲಿಂದಲೇ ಸೇದುತ್ತಿದ್ದರು. ಒಂದು ಮಳೆಗಾಲ ಕಳೆದ ಮೇಲೆ ಹೋದಾಗ ಶಿವಗಂಗಮ್ಮ ಮಜ್ಜಿಗೆ ಕೊಡಲಿಲ್ಲ.

"ನೀರ್ ಬೆರ್ಸಕ್ಕೆ ಭಯ ಆಯ್ತದೆ ಕಣವ್ವ. ಎಷ್ಟ್ ಉರಿ ಹಾಕುದ್ರೂ ಬೇಳೆ ಬೇಯಲ್ಲ. ಬಾಯಿಗಿಟ್ರೆ ಒಗರು. ಊರೋರು ಬಾವಿಗ್ ಬರದ್ನೇ ಬುಟ್ಟವ್ರೆ."

ಬಸಣ್ಣ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಹಿಂದಿನ ವರ್ಷ ಅವನ ಕೆಲವು ಮರಗಳ ಕಾಂಡದಿಂದ ಕಂದು ರಸ ಸೋರಿತ್ತು. ಅದಕ್ಕೆ ಮೈಲುತುತ್ತ ಎಂಬ ತಾಮ್ರದ ನೀಲಿ ಔಷಧಿಯನ್ನು ಸುಣ್ಣದ ಜೊತೆ ಕಲಸಿ ಹಚ್ಚಿದ್ದ. ಈಗ ಊರಿನಲ್ಲಿ, ಬಸಣ್ಣ ತೋಟಕ್ಕೆ ವಿಷ ಹಾಕಿ ಬಾವಿ ಕೆಡಿಸಿದ ಎಂಬ ಮಾತು ಹಬ್ಬಿತ್ತು. "ನಾಕ್ ಮರಕ್ ಬಳ್ದಿದ್ದು ಕಣ್ ಮೇಡಂ. ಅದಕ್ಕೇ ನನ್ ಮನೆ ಮದ್ವೇಗೂ ಜನ ಬರಾಕೆ ಒಲ್ಲೆ ಅಂತಾರೆ" ಎಂದ. ಅವನ ಮಗಳ ಮದುವೆ ಗೊತ್ತಾಗಿತ್ತು. ಅವನ ನೀರಿನಲ್ಲಿ ಬೇಯಿಸಿದ್ದನ್ನು ತಿನ್ನುವುದಿಲ್ಲ ಎಂದು ನೆಂಟರೇ ಹೇಳಿದ್ದರು.

ಬೇಳೆ ಎಂದ ತಕ್ಷಣ ನನಗೆ ಅನುಮಾನ ಬಂತು. ಬೇಳೆ ಬೇಯುವ ಮೊದಲೇ ಹುಣಸೆಹುಳಿ ಹಾಕಿದರೆ ಆಮೇಲೆ ಅದು ಬೇಯುವುದಿಲ್ಲ ಎಂದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಚೀಲದಿಂದ ಪರೀಕ್ಷೆಯ ಕಾಗದ ತೆಗೆದು ಬಾವಿ ನೀರಿಗೆ ಅದ್ದಿದೆ. ಕೆಂಪಾಯಿತು. ನೀರು ಆಮ್ಲವಾಗಿತ್ತು. ಹಳ್ಳದ ಗುಂಟ ಡಂಪಿನವರೆಗೂ ನಡೆದೆ. ಅದರ ಬುಡದಿಂದ ಜಿನುಗುವ ನೀರಿನಲ್ಲಿ ಕಿತ್ತಳೆ ಬಣ್ಣದ ಪಾಚಿಯಂಥದ್ದು ಕಟ್ಟಿತ್ತು. ರಾಶಿಯಲ್ಲಿದ್ದ ಕಲ್ಲು ಕಪ್ಪು, ಒಡೆದರೆ ಗಂಧಕದ ನಾತ. ಸಮುದ್ರದ ತಳದಲ್ಲಿ, ಗಾಳಿ ತಾಗದಂತೆ ಮಲಗಿದ್ದ ಬುಗ್ಗೆಯ ಬಾಯಿಯನ್ನು ತಂದು ಮಳೆಗೆ ಒಡ್ಡಿದ್ದರು. ಗಾಳಿ ನೀರು ತಾಗಿದರೆ ಅದರ ಗಂಧಕ ಆಮ್ಲವಾಗುತ್ತದೆ, ಆ ಆಮ್ಲ ಕಲ್ಲಿನ ಲೋಹವನ್ನು ಕರಗಿಸಿಕೊಂಡು ಹರಿಯುತ್ತದೆ.

ಬಸಣ್ಣ ತಹಶೀಲ್ದಾರರಿಗೆ ದೂರು ಕೊಟ್ಟ. ತಹಶೀಲ್ದಾರರು ನಮ್ಮ ಕಚೇರಿಯ ವರದಿ ಕೇಳಿದರು. ದೊಡ್ಡ ಸಾಹೇಬರು ತಾವೇ ಸ್ಥಳಕ್ಕೆ ಬಂದರು. ಡಂಪಿನ ಕಡೆ ಹೋಗಲಿಲ್ಲ. ತೋಟದೊಳಗೆ ಕಾಲಿಟ್ಟವರೇ, ನೀಲಿ ಬಳಿದ ಮರಗಳನ್ನು ಕಂಡು ನಿಂತರು.

"ನೋಡಮ್ಮ, ಇಲ್ಲೇ ಇದೆ ಕಾರಣ. ನಾನು ಮೈಲುತುತ್ತದ ಮನೇಲಿ ಹುಟ್ಟಿ ಬೆಳೆದೋನು. ಪ್ರತಿ ಮಳೆಗಾಲ ಹೊಡೆಸ್ತೀವಿ. ತಾಮ್ರ ನೆಲಕ್ಕಿಳಿದು ಬಾವಿ ಸೇರಿದೆ."

"ಸರ್, ಮಲೆನಾಡಲ್ಲಿ ಕೊಳೆ ರೋಗಕ್ಕೆ ಅಡಿಕೆ ಗೊನೆಗೆ ಹೊಡೀತಾರೆ. ಇಲ್ಲಿ ಅಷ್ಟು ಮಳೆನೇ ಇಲ್ಲ, ಯಾರೂ ತೋಟಕ್ಕೆ ಹೊಡೆಯಲ್ಲ. ಇವರು ನಾಲ್ಕು ಮರಕ್ಕೆ ಹಚ್ಚಿದ್ದಾರೆ ಅಷ್ಟೆ."

"ಹಚ್ಚಿದಾರೆ ತಾನೇ?"

"ಹಚ್ಚಿದ್ರೆ ಜೊತೆಗೆ ಸುಣ್ಣ ಇದೆ. ಸುಣ್ಣ ಇದ್ದ ಕಡೆ ನೀರು ಹುಳಿಯಾಗೋದು ಹೇಗೆ ಸರ್? ಅದೂ ಅಲ್ಲದೆ ಲ್ಯಾಬಲ್ಲಿ ನೋಡಿದೆ, ಬಾವಿ ನೀರಲ್ಲಿ ತಾಮ್ರಕ್ಕಿಂತ ಸತು ಜಾಸ್ತಿ ಇದೆ. ಮೈಲುತುತ್ತದಲ್ಲಿ ಸತು ಎಲ್ಲಿಂದ ಬರಬೇಕು?"

ಅವರು ಬಾವಿಯ ಕಡೆ ನೋಡಿದರು. ಅಲ್ಲಿ ಪಂಪಿನ ಸತು ಬಳಿದ ಕಬ್ಬಿಣದ ಪೈಪಿತ್ತು, ಅಂಥದ್ದೇ ಬಕೆಟ್ಟಿತ್ತು. "ಸತು ಅಲ್ಲಿಂದ. ಜಿಐ ಪೈಪು, ಬಕೆಟ್ಟು. ನಿಮ್ಮ ಮಾದರಿಗಳೆಲ್ಲ ಹೊರಗಿನ ಬೆರಕೆಯಿಂದ ಕೆಟ್ಟಿವೆ. ಯಂತ್ರದ ದವಡೆ ವಿಷಯ ಕಂಡುಹಿಡಿದೋರು ನೀವೇ ಅಲ್ವೇನಮ್ಮ, ನಿಮಗೆ ಗೊತ್ತಾಗಬೇಕಿತ್ತು" ಎಂದರು. ನನ್ನ ಹಳೆಯ ಗೆಲುವನ್ನೇ ನನ್ನ ಮುಖಕ್ಕೆ ಹಿಡಿದರು. ಬಸಣ್ಣನ ಎದುರಿಗೇ ಜೊತೆಗೆ ಬಂದಿದ್ದ ಗುಮಾಸ್ತನಿಗೆ ವರದಿಯ ಮುಕ್ತಾಯವನ್ನೂ ಬರೆಸಿಬಿಟ್ಟರು: ರೈತರ ಸ್ವಂತ ಔಷಧಿಯಿಂದ ಆದದ್ದು. ಶಿವಗಂಗಮ್ಮ ನನ್ನ ಕಡೆ ನೋಡಿ, "ಹಂಗಾರೆ ನಾವೇ ಅಂತೀರಾ ಮೇಡಂ?" ಎಂದರು. ಆ ಪ್ರಶ್ನೆ ನನಗೆ ಚುಚ್ಚಿತು. ಸಿಟ್ಟು ಬಂತು. ಈ ಕೆಲಸದಲ್ಲಿ ಸಿಟ್ಟು ಬರಬಾರದು ಎಂದು ನಿಮಗೆ ಯಾರಾದರೂ ಉಪದೇಶ ಮಾಡಿದರೆ ನಂಬಬೇಡಿ. ಸಿಟ್ಟು ಬರಲಿ, ಆಮೇಲೆ ಮಾದರಿ ತೆಗೆಯಿರಿ.

ಒಳ್ಳೆ ಗಾಡಿ ಬೇಕಿತ್ತು. ಬಸಣ್ಣನ ತೋಟಕ್ಕೆ ಎಲ್ಲದರಲ್ಲೂ ಸರಿಜೋಡಿಯಾದ, ಗುಡ್ಡ ಮಾತ್ರ ಇಲ್ಲದ ತೋಟ. ತೆರೆದ ಬಾವಿ, ಜಿಐ ಪೈಪು, ಸತು ಬಳಿದ ಬಕೆಟ್ಟು, ಮೈಲುತುತ್ತ. ಪೈಪು ಬಕೆಟ್ಟು ಎಲ್ಲ ಕಡೆಯೂ ಇದ್ದವು, ಮೈಲುತುತ್ತ ಸಿಗಲಿಲ್ಲ. ತುರುವೇಕೆರೆಯ ಕಡೆ ಕೇಳಿದರೆ, "ಅದ್ಯಾಕ್ ಬೇಕು ಮೇಡಂ ನಮ್ಗೆ" ಎಂದು ನಕ್ಕರು. ಅಂತೂ ನೊಣವಿನಕೆರೆಯ ಹತ್ತಿರ ಒಂದು ತೋಟ ಸಿಕ್ಕಿತು. ಅದರ ಯಜಮಾನರಿಗೆ ಔಷಧಿಯೆಂದರೆ ವಿಪರೀತ ಪ್ರೀತಿ. ರೋಗ ಬಂದ ಮರ, ಬರದ ಮರ ಎಂದು ನೋಡದೆ ಇಡೀ ತೋಟಕ್ಕೆ ನೀಲಿ ಬಳಿದಿದ್ದರು, ಅಡಿಕೆಗೂ ಹೊಡೆಸಿದ್ದರು. ನಾನು ಬಾವಿ ನೀರು ಕೇಳಿದಾಗ, "ತಗಳಿ, ಎಷ್ಟ್ ಬೇಕಾದ್ರೂ ತಗಳಿ. ಕಲ್ಲುಸಕ್ರೆ ಇದ್ದಂಗೈತೆ ನೀರು" ಎಂದರು. ಆ ನೀರನ್ನು ಬಸಣ್ಣನ ಬಾವಿ ನೀರಿನ ಜೊತೆ, ಡಂಪಿನ ಬುಡದ ನೀರಿನ ಜೊತೆ ಒಂದೇ ಬಗೆಯ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಒಂದೇ ದಿನ, ಒಂದೇ ಯಂತ್ರದಲ್ಲಿ ನೋಡಿದೆ. ನೊಣವಿನಕೆರೆಯ ನೀರಿನಲ್ಲಿ ಹುಳಿಯಿರಲಿಲ್ಲ, ತಾಮ್ರ ಸತು ಹೇಳಿಕೊಳ್ಳುವಷ್ಟಿರಲಿಲ್ಲ. ಬಸಣ್ಣನ ನೀರಿನಲ್ಲಿದ್ದದ್ದು ಡಂಪಿನ ನೀರೇ, ಸ್ವಲ್ಪ ತೆಳುವಾಗಿ.

ತಹಶೀಲ್ದಾರರು ಬಸಣ್ಣನ ಮನೆಯಲ್ಲೇ ವಿಚಾರಣೆ ಇಟ್ಟರು. ಊರಿನವರೂ ಸೇರಿದ್ದರು. ನಾನು ಅಂಕಿಗಳನ್ನು ಓದಿದೆ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ನಾನು ಶಿವಗಂಗಮ್ಮನಿಗೆ ನೊಣವಿನಕೆರೆಯದೊಂದು, ಅವರ ಬಾವಿಯದೊಂದು, ಎರಡು ಕ್ಯಾನು ನೀರು ಕೊಟ್ಟು, ಎರಡು ಒಲೆಯ ಮೇಲೆ ಒಂದೇ ತೊಗರಿಬೇಳೆ ಇಡಿ ಎಂದೆ. ಸಾಹೇಬರು, ಇದೇನು ಕಚೇರಿಯೋ ಅಡುಗೆಮನೆಯೋ ಎಂದರು. ಎರಡೂ ಎಂದೆ. ನೊಣವಿನಕೆರೆಯ ನೀರಿನಲ್ಲಿದ್ದ ಬೇಳೆ ಕರಗಿ ಉಕ್ಕಿತು. ಇನ್ನೊಂದು ಪಾತ್ರೆಯದು ಹರಳಿನಂತೆ ಹಾಗೇ ಉಳಿಯಿತು. ಶಿವಗಂಗಮ್ಮ ಎರಡು ಸೌಟನ್ನೂ ತಂದು ಊರಿನವರ ಮುಂದೆ ಹಿಡಿದರು. "ಈ ನೀರಿನ ತ್ವಾಟಕ್ಕೆ ನಮಗಿಂತ ಹತ್ತರಷ್ಟು ಮೈಲುತುತ್ತ ಹಾಕವ್ರಂತೆ. ತಿಂದ್ ನೋಡ್ರಪ್ಪ" ಎಂದರು. ಒಬ್ಬ ಹಿರಿಯರು ಬೆಂದ ಬೇಳೆಯನ್ನು ಬಾಯಿಗೆ ಹಾಕಿಕೊಂಡು, ಬಸಣ್ಣನ ಪಕ್ಕಕ್ಕೆ ಹೋಗಿ ಕೂತರು. ಅಷ್ಟು ಸಾಕಾಯಿತು.

ಬೇಳೆಯನ್ನು ನಾನು ಸಾಕ್ಷಿಯೆಂದು ಎಲ್ಲೂ ಬರೆದಿಲ್ಲ, ನೀವೂ ಬರೆಯಬೇಡಿ. ಗಡಸು ನೀರಿನಲ್ಲೂ ಬೇಳೆ ಬೇಯುವುದಿಲ್ಲ. ಸಾಕ್ಷಿಯೆಂದರೆ ಸತು, ತಾಮ್ರ, ಹುಳಿ. ಆದರೆ ಸತುವಿನ ಅಂಕಿ ಊರಿನವರಿಗೆ ತಿಳಿಯುವುದಿಲ್ಲ, ಬೇಳೆ ತಿಳಿಯುತ್ತದೆ.

ಡಂಪನ್ನು ಸರಿಸಬೇಕೆಂದು ತಹಶೀಲ್ದಾರರು ಹೇಳಿದ ಮೇಲೆ ಸಾಹೇಬರು ನನ್ನನ್ನು ಕೋಣೆಗೆ ಕರೆದರು. ಸೋತ ಮನುಷ್ಯನ ಸಿಡುಕು ಅವರಲ್ಲಿರಲಿಲ್ಲ, ಅದನ್ನು ಮೆಚ್ಚಬೇಕು.

"ವರದಿಗೆ ಸಹಿ ಹಾಕ್ತೀನಮ್ಮ. ಮೊದಲನೇ ಪ್ಯಾರಾ ತೆಗೆದುಬಿಡಿ. ಸಮುದ್ರ, ಬುಗ್ಗೆ, ಇದೆಲ್ಲ ಯಾಕೆ? ಡಂಪು ಸರಿಸೋಕೆ ಸಮುದ್ರ ಬೇಕಾಗಿಲ್ಲ."

ಗೆಳೆಯರೂ ಅದನ್ನೇ ಹೇಳಿದರು. ಕೆಲಸ ಆಯಿತಲ್ಲ, ಹಠ ಯಾಕೆ ಎಂದರು. ಹಠವಲ್ಲ. ಸಮುದ್ರವಿಲ್ಲದೆ ಹೋದರೆ ಆ ಕಪ್ಪು ಕಲ್ಲು ಅಲ್ಲಿ ಯಾಕಿದೆ ಎಂದು ಹೇಳಲು ಬರುವುದಿಲ್ಲ. ಯಾಕಿದೆ ಎಂದು ಗೊತ್ತಿಲ್ಲದವರಿಗೆ ಇನ್ನೆಲ್ಲಿದೆ ಎಂದೂ ಗೊತ್ತಾಗುವುದಿಲ್ಲ. ಬುಗ್ಗೆಯ ಬಾಯಿ ಗುಡ್ಡದ ಪೂರ್ವಕ್ಕೆ ಮುಂದುವರಿದಿದೆ, ಅಲ್ಲಿ ಅಗೆದರೆ ಇನ್ನೊಂದು ಹಳ್ಳ, ಇನ್ನೊಂದು ಬಾವಿ ಕೆಡುತ್ತದೆ ಎಂದು ನಾನು ಆ ಪ್ಯಾರಾದಲ್ಲಿ ಬರೆದು ನಕ್ಷೆಯಲ್ಲಿ ಗುರುತು ಹಾಕಿದ್ದೆ. ಅದನ್ನು ತೆಗೆದರೆ ನಾಳೆ ಇನ್ನೊಬ್ಬ ಬಸಣ್ಣ ತಲೆ ತಗ್ಗಿಸಿ ಕೂರಬೇಕು.

"ಆಗಲ್ಲ ಸರ್. ಬೇಕಾದರೆ ನಿಮ್ಮ ಸಹಿ ಬಿಡಿ, ಪ್ಯಾರಾ ಇರಲಿ" ಎಂದೆ.

ಸಹಿ ಬಿಟ್ಟರು. ವರದಿ ನನ್ನೊಬ್ಬಳ ಸಹಿಯಲ್ಲಿ ಹೋಯಿತು, ಯಾರೂ ಅದನ್ನು ಓದಲಿಲ್ಲ. ನನ್ನನ್ನು ಗ್ರಂಥಾಲಯಕ್ಕೆ ಹಾಕಿದರು. ಅಲ್ಲಿ ಧೂಳು ಹೊಡೆಯುತ್ತಾ, ಸಮುದ್ರದ ತಳದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದೂ ಶಿಕ್ಷೆಯೆಂದು ಕೊಟ್ಟದ್ದೇ. ಇವರು ನನಗೆ ಶಿಕ್ಷೆ ಕೊಡುವುದನ್ನು ಕೊನೆಗೂ ಕಲಿಯಲಿಲ್ಲ.

ಡಂಪು ಸರಿಯಿತು. ಗಣಿ ಮಾತ್ರ ಪೂರ್ವಕ್ಕೆ ಹೊರಳಿತು. ಒಂದು ದಿನ ಸಾಹೇಬರೇ ಗ್ರಂಥಾಲಯಕ್ಕೆ ಫೋನು ಮಾಡಿದರು. ಅವರ ದನಿ ಎಂದಿನಂತಿರಲಿಲ್ಲ.

"ಶಮೀಮ್, ಪೂರ್ವದ ಕಡೆ ಕಪ್ಪು ಕಲ್ಲು ಬಂದಿದೆಯಂತೆ. ಗಂಧಕದ ವಾಸನೆ ಅಂತಿದಾರೆ. ಎಲ್ಲಿಗೆ ನಿಲ್ಲಿಸಬೇಕು ಅಂತ ಕೇಳ್ತಿದಾರೆ. ಏನು ಹೇಳಲಿ?"

"ಮೊದಲನೇ ಪ್ಯಾರಾ ಓದಿ ಹೇಳಿ ಸರ್."

ಆ ಕಡೆ ಕಾಗದ ಮಗುಚುವ ಸದ್ದು ಕೇಳಿತು. ಆಮೇಲೆ ಅವರು, "ಆ ನಕ್ಷೆ ತಗೊಂಡು ಬನ್ನಿ, ನಾನೂ ಬರ್ತೀನಿ" ಎಂದರು. ಇಬ್ಬರೂ ಹೋದೆವು. ಕಪ್ಪು ಕಲ್ಲನ್ನೆಲ್ಲ ತೆಗೆದ ಗುಂಡಿಗೇ ತುಂಬಿಸಿ, ಸುಣ್ಣ ಹಾಕಿಸಿ, ಮೇಲೆ ಜೇಡಿಮಣ್ಣು ಬಿಗಿಸಿ, ಗಾಳಿ ನೀರು ಹೋಗದಂತೆ ಮುಚ್ಚಿಸಿದೆವು. ಗುರುತಿನಾಚೆ ಅಗೆಯಬಾರದೆಂದು ಆದೇಶವಾಯಿತು. ಆ ಆದೇಶಕ್ಕೆ ಅವರು ಸಹಿ ಹಾಕಿದರು. ಕೆಳಗಿನ ಬಾವಿಗಳಿಗೆ ಏನೂ ಆಗಲಿಲ್ಲ. ಆ ಬಾವಿಗಳ ಮನೆಯವರಿಗೆ ಇವತ್ತಿಗೂ ನನ್ನ ಹೆಸರು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಬಸಣ್ಣನ ಬಾವಿ ತಿಳಿಯಾಗಲು ಹಲವು ಮಳೆಗಾಲ ಹಿಡಿಯಿತು. ಆ ನಡುವೆ ಮಗಳ ಮದುವೆ ನಡೆಯಿತು, ನೆಂಟರು ಬಂದರು, ಅಡುಗೆಗೆ ನೀರನ್ನು ಟ್ರ್ಯಾಕ್ಟರಿನಲ್ಲಿ ತರಿಸಿದರು. ನಿವೃತ್ತಿಯಾದ ಮೇಲೆ ಒಮ್ಮೆ ಹೋದೆ. ಶಿವಗಂಗಮ್ಮ ಮುದ್ದೆ ಇಟ್ಟು, ಸಾರು ಬಡಿಸಿ, ಎದುರಿಗೆ ಕೂತರು.

"ನಮ್ ಬಾವಿ ನೀರೇ ಕಣವ್ವ. ಬೇಳೆ ಬೆಂದೈತಾ ನೋಡು."

ಬೆರಳಲ್ಲಿ ಒತ್ತಿದೆ, ಬೆಣ್ಣೆಯಂತೆ ಕರಗಿತು. ಹೊಟ್ಟೆ ತುಂಬಾ ಉಂಡೆ. ಕೈ ತೊಳೆಯಲು ನೀರು ಹಾಕುತ್ತಾ ಶಿವಗಂಗಮ್ಮ ಗುಡ್ಡದ ಕಡೆ ನೋಡಿದರು.

"ಇಲ್ಲಿ ಸಮುದ್ರ ಇತ್ತು ಅಂತಿದ್ಯಲ್ಲ, ಅದೆಲ್ಲಿಗ್ ಹೋಯ್ತವ್ವ?"

"ಎಲ್ಲಿಗೂ ಹೋಗಿಲ್ಲ ಕಣಮ್ಮ. ಇಲ್ಲೇ ಐತೆ. ಕೆದಕಬಾರ್ದು ಅಷ್ಟೆ."